ಹೊಟ್ಟೆಯ ಕೊಬ್ಬಿನಿಂದ ಮಂಡಿಯ ಮೃದ್ವಸ್ಥಿ ಬೆಳೆದೀತೆ?

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಎರಡೂ ಮಂಡಿ ಸವೆದಿವೆ ಎಂದು ವೈದ್ಯರು ಹೇಳಿದ್ದಾರೆ. ಮೆಟ್ಟಿಲು ಹತ್ತಲು, ನೆಲದ ಮೇಲೆ ಕೂತು ಏಳಲು ತುಂಬ ಕಷ್ಟಪಡುತ್ತಾರೆ. ಹೊಟ್ಟೆಯ ಕೊಬ್ಬು ತೆಗೆದು, ಅದರಲ್ಲಿರುವ ಆಕರಕೋಶಗಳನ್ನು ಮಂಡಿಗೆ ಚುಚ್ಚಿದರೆ ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ, ಆಪರೇಷನ್ ಬೇಕಾಗುವುದಿಲ್ಲ ಎಂಬ ಜಾಹೀರಾತು ನೋಡಿದೆವು. ಕೊಬ್ಬಿನಿಂದ ಮೂಳೆ, ಕಾರ್ಟಿಲೇಜ್ ಬೆಳೆಸುವುದು ನಿಜವಾಗಿ ಸಾಧ್ಯವೇ? ಅಮ್ಮನಿಗೆ ಇದನ್ನು ಮಾಡಿಸಬಹುದೇ?
— ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಅವುಗಳ ಉತ್ತರಗಳು ಬೇರೆ ಬೇರೆ. ಕೊಬ್ಬಿನೊಳಗೆ ಇರುವ ಕೆಲವು ಕೋಶಗಳು ಮೂಳೆ ಕಟ್ಟಬಲ್ಲವು ಎಂಬುದು ನಿಜ. ಪ್ರಯೋಗಾಲಯದ ತಟ್ಟೆಯಲ್ಲಿ ಮಾತ್ರವಲ್ಲದೆ ಮನುಷ್ಯರ ದೇಹದಲ್ಲೂ ಇದನ್ನು ಕಂಡಿದ್ದಾರೆ. ಆದರೆ ಅದೇ ಕೋಶಗಳನ್ನು ಸವೆದ ಮಂಡಿಗೆ ಚುಚ್ಚಿದರೆ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್, ಮರಳಿ ಬೆಳೆಯುತ್ತದೆ ಎಂಬುದಕ್ಕೆ ನೆಚ್ಚಿಕೊಳ್ಳಬಹುದಾದ ಪುರಾವೆ ಈವರೆಗೆ ಸಿಕ್ಕಿಲ್ಲ. ಜಾಹೀರಾತುಗಳು ಮೊದಲನೆಯ ಸತ್ಯವನ್ನು ತೋರಿಸಿ ಎರಡನೆಯ ಮಾತನ್ನು ನಂಬಿಸುತ್ತವೆ. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದು ತಿಳಿದರೆ ನಿಮ್ಮ ತಾಯಿಯ ಬಗ್ಗೆ ನಿರ್ಧಾರ ಮಾಡುವುದು ಸುಲಭವಾಗುತ್ತದೆ.

ಮೊದಲು ಕೊಬ್ಬಿನ ವಿಷಯ. ಹೊಟ್ಟೆ, ತೊಡೆಗಳಲ್ಲಿ ಶೇಖರವಾಗುವ ಕೊಬ್ಬಿನಲ್ಲಿ ಎಣ್ಣೆ ತುಂಬಿದ ದೊಡ್ಡ ಕೋಶಗಳಷ್ಟೇ ಇರುವುದಿಲ್ಲ. ಅವುಗಳ ನಡುವೆ ಸಣ್ಣ ಸಣ್ಣ ರಕ್ತನಾಳಗಳು, ಆ ನಾಳಗಳ ಗೋಡೆಗೆ ಅಂಟಿಕೊಂಡ ಕೋಶಗಳು, ರೋಗನಿರೋಧಕ ಕೋಶಗಳು ಎಲ್ಲವೂ ಕೊಲಾಜನ್ ಎಳೆಗಳ ಬಲೆಯಲ್ಲಿ ಸೇರಿಕೊಂಡಿರುತ್ತವೆ. 1964ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಟಿನ್ ರಾಡ್‌ಬೆಲ್ ಇಲಿಯ ಕೊಬ್ಬನ್ನು ಕೊಲಾಜನೇಸ್ ಎಂಬ ಕಿಣ್ವದಲ್ಲಿ ನೆನೆಸಿ ಆ ಬಲೆಯನ್ನು ಕರಗಿಸಿದರು. ಎಣ್ಣೆ ತುಂಬಿದ ಕೋಶಗಳು ಮೇಲೆ ತೇಲಿದವು, ಉಳಿದವು ತಳಕ್ಕಿಳಿದವು. ರಾಡ್‌ಬೆಲ್‌ಗೆ ಬೇಕಿದ್ದದ್ದು ತೇಲಿದ ಕೋಶಗಳು. ಹಾರ್ಮೋನುಗಳಿಗೆ ಅವು ಹೇಗೆ ಸ್ಪಂದಿಸುತ್ತವೆ ಎಂಬುದರಿಂದ ಶುರುವಾದ ಅವರ ಸಂಶೋಧನೆ 1994ರ ನೊಬೆಲ್ ಪ್ರಶಸ್ತಿಯವರೆಗೆ ಹೋಯಿತು. ತಳದಲ್ಲಿ ಉಳಿದ ಕೋಶಗಳ ಬೆಲೆ ತಿಳಿಯಲು ಇನ್ನೂ ಮೂರೂವರೆ ದಶಕ ಬೇಕಾಯಿತು.

2001ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಜುಕ್, ಮಾರ್ಕ್ ಹೆಡ್ರಿಕ್ ಮತ್ತು ಸಂಗಡಿಗರು ಲೈಪೊಸಕ್ಷನ್‌ನಲ್ಲಿ ಹೊರತೆಗೆದ, ಸಾಮಾನ್ಯವಾಗಿ ಚೆಲ್ಲಿಬಿಡುವ ಮನುಷ್ಯರ ಕೊಬ್ಬನ್ನು ಇದೇ ರೀತಿ ಸಂಸ್ಕರಿಸಿದರು. ತಳದ ಕೋಶಗಳಲ್ಲಿ ಕೆಲವು ತಟ್ಟೆಗೆ ಅಂಟಿಕೊಂಡು ಹೆಚ್ಚುತ್ತಾ ಹೋದವು. ತಕ್ಕ ರಾಸಾಯನಿಕಗಳನ್ನು ಕೊಟ್ಟಾಗ ಅವು ಮೂಳೆ, ಮೃದ್ವಸ್ಥಿ, ಸ್ನಾಯು ಮತ್ತು ಕೊಬ್ಬಿನ ಕೋಶಗಳ ಗುಣ ತೋರಿದವು. ಹೀಗೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಆಕರಕೋಶಗಳು (ಸ್ಟೆಮ್ ಸೆಲ್) ಅಸ್ಥಿಮಜ್ಜೆಯಲ್ಲಿವೆ ಎಂಬುದು ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅವರ ಕೆಲಸದಿಂದ ಮೊದಲೇ ಗೊತ್ತಿತ್ತು. ಆದರೆ ಮಜ್ಜೆಯನ್ನು ಸೊಂಟದ ಮೂಳೆಯಿಂದ ಸೂಜಿಯಲ್ಲಿ ಎಳೆಯಬೇಕು, ಸಿಗುವ ಆಕರಕೋಶಗಳೂ ತೀರಾ ಕಡಿಮೆ. ಒಂದು ಗ್ರಾಂ ಕೊಬ್ಬಿನಲ್ಲಿ ಇಂಥ ಕೋಶಗಳು ಸುಮಾರು 5,000 ಸಿಗುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಅಷ್ಟೇ ಪ್ರಮಾಣದ ಮಜ್ಜೆಯಲ್ಲಿ ಸಿಗುವುದಕ್ಕಿಂತ ಇದು ಹಲವು ಪಟ್ಟು ಹೆಚ್ಚು. ಸುಲಭವಾಗಿ, ಹೇರಳವಾಗಿ, ರೋಗಿಯದೇ ದೇಹದಿಂದ ಸಿಗುವ ಕೋಶ ಎಂಬ ಕಾರಣಕ್ಕೆ ಜಗತ್ತಿನಾದ್ಯಂತ ಇದರತ್ತ ಆಸಕ್ತಿ ಹರಿಯಿತು.

ಆಸ್ಪತ್ರೆಗಳಲ್ಲಿ "ಕೊಬ್ಬಿನ ಆಕರಕೋಶ" ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳನ್ನು ಕೊಡುತ್ತಾರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕೊಬ್ಬನ್ನು ಕಿಣ್ವದಲ್ಲಿ ಕರಗಿಸಿ, ಯಂತ್ರದಲ್ಲಿ ತಿರುಗಿಸಿ, ತಳಕ್ಕಿಳಿದದ್ದನ್ನು ಅದೇ ದಿನ ಬಳಸಿದರೆ ಅದು ಬೆರಕೆ ಕೋಶಗಳ ಗುಂಪು. ಅದರಲ್ಲಿ ಆಕರಕೋಶಗಳು ಒಂದು ಸಣ್ಣ ಪಾಲು ಮಾತ್ರ. ಆ ಪಾಲನ್ನು ಬೇರ್ಪಡಿಸಿ ಎರಡು ಮೂರು ವಾರ ಪ್ರಯೋಗಾಲಯದಲ್ಲಿ ಬೆಳೆಸಿ, ಕೋಟಿಗಟ್ಟಲೆ ಹೆಚ್ಚಿಸಿ ಕೊಟ್ಟರೆ ಅದು ಇನ್ನೊಂದು. ಕಿಣ್ವ ಬಳಸದೆ ಕೊಬ್ಬನ್ನು ಬರೀ ತೊಳೆದು ಸಣ್ಣಗೆ ಒಡೆದು ಚುಚ್ಚುವುದು ಮೂರನೆಯದು. ಒಂದರ ಮೇಲೆ ನಡೆದ ಸಂಶೋಧನೆಯ ಫಲಿತಾಂಶವನ್ನು ಇನ್ನೊಂದರ ಜಾಹೀರಾತಿನಲ್ಲಿ ತೋರಿಸುವುದುಂಟು.

ಈಗ ಮೂಳೆಗೆ ಬರೋಣ. ಈ ಕೋಶಗಳ ನಿಜವಾದ ಸಾಧನೆ ಇರುವುದು ಇಲ್ಲಿ. 2004ರಲ್ಲಿ ಜರ್ಮನಿಯ ಗೀಸನ್‌ನ ವೈದ್ಯರು 7 ವರ್ಷದ ಹುಡುಗಿಯೊಬ್ಬಳ ಚಿಕಿತ್ಸೆಯನ್ನು ವರದಿ ಮಾಡಿದರು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಅವಳ ತಲೆಬುರುಡೆಯ ದೊಡ್ಡ ಭಾಗವೇ ಇಲ್ಲವಾಗಿತ್ತು. ತುಂಬಲು ಸೊಂಟದಿಂದ ತೆಗೆದ ಮೂಳೆ ಸಾಲುತ್ತಿರಲಿಲ್ಲ. ಅವಳ ಪೃಷ್ಠದ ಕೊಬ್ಬಿನಿಂದ ಕೋಶಗಳನ್ನು ಬೇರ್ಪಡಿಸಿ, ಆ ಮೂಳೆಚೂರುಗಳ ಜೊತೆ ಸೇರಿಸಿ, ಫೈಬ್ರಿನ್ ಅಂಟಿನಿಂದ ಹಿಡಿದು ನಿಲ್ಲಿಸಿದರು. ಮೂರು ತಿಂಗಳ ಬಳಿಕ ತೆಗೆದ ಸಿ.ಟಿ. ಸ್ಕ್ಯಾನ್‌ನಲ್ಲಿ ಹೊಸ ಮೂಳೆ ಬೆಳೆದು ಬುರುಡೆ ಬಹುಪಾಲು ಕೂಡಿಕೊಂಡಿತ್ತು.

2009ರಲ್ಲಿ ಫಿನ್ಲೆಂಡಿನಿಂದ ಬಂದ ವರದಿ ಇನ್ನೂ ವಿಶೇಷವಾದದ್ದು. ಗಡ್ಡೆಯೊಂದರಿಂದಾಗಿ ಮೇಲ್ದವಡೆಯ ಭಾಗವನ್ನು ಕಳೆದುಕೊಂಡಿದ್ದ ರೋಗಿಯ ಕೊಬ್ಬಿನ ಆಕರಕೋಶಗಳನ್ನು ಬೆಳೆಸಿ, ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಮತ್ತು ಮೂಳೆ ಬೆಳೆಸುವ ಬಿ.ಎಂ.ಪಿ.-2 ಎಂಬ ಪ್ರೋಟೀನ್ ಜೊತೆ ಟೈಟಾನಿಯಂ ಪಂಜರದಲ್ಲಿ ತುಂಬಿದರು. ಆ ಪಂಜರವನ್ನು ಅವರದೇ ಹೊಟ್ಟೆಯ ಸ್ನಾಯುವಿನೊಳಗೆ ಎಂಟು ತಿಂಗಳು ಇರಿಸಿದರು. ಅಲ್ಲಿ ರಕ್ತನಾಳಗಳು ಹಬ್ಬಿ ಮೂಳೆ ಕೂಡಿಕೊಂಡಿತು. ಬಳಿಕ ಅದನ್ನು ರಕ್ತನಾಳಗಳ ಸಮೇತ ತೆಗೆದು ದವಡೆಯ ಜಾಗಕ್ಕೆ ಜೋಡಿಸಿದರು. 2016ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ತಂಡ ತೋಳಿನ ಮೇಲ್ತುದಿ ಮುರಿದಿದ್ದ, 60 ದಾಟಿದ 8 ಜನರಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಕೊಬ್ಬು ತೆಗೆದು, ಕೋಶಗಳನ್ನು ಬೇರ್ಪಡಿಸಿ, ಮುರಿದ ಜಾಗದಲ್ಲಿ ಇರಿಸಿತು. ಬಳಿಕ ತೆಗೆದ ಮಾದರಿಗಳಲ್ಲಿ, ಹಳೆಯ ಮೂಳೆಗೆ ತಾಗಿರದ ಕಡೆಗಳಲ್ಲೂ ಹೊಸ ಮೂಳೆಯ ಚೂರುಗಳು ಕಂಡವು.

ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗೋರ್ಡಾನಾ ವುನ್ಯಾಕ್-ನೊವಾಕೊವಿಚ್ ತಂಡ ಹಂದಿಗಳಲ್ಲಿ ಇಡೀ ದವಡೆ ಕೀಲಿನ ಮೂಳೆಯನ್ನೇ ಬೆಳೆಸಿತು. ಕೋಶಗಳನ್ನೆಲ್ಲ ತೊಳೆದುಹಾಕಿದ ದನದ ಮೂಳೆಯನ್ನು ಪ್ರತಿ ಹಂದಿಯ ಸ್ಕ್ಯಾನ್‌ಗೆ ಹೊಂದುವಂತೆ ಕೆತ್ತಿ, ಅದರಲ್ಲಿ ಅದೇ ಹಂದಿಯ ಕೊಬ್ಬಿನ ಕೋಶಗಳನ್ನು ತುಂಬಿ, ಪೋಷಕ ದ್ರವ ಹರಿಯುವ ಪೆಟ್ಟಿಗೆಯಲ್ಲಿ ಮೂರು ವಾರ ಬೆಳೆಸಿ, ಆಮೇಲೆ ಕಸಿ ಮಾಡಿದರು. ಆರು ತಿಂಗಳಲ್ಲಿ ಅದು ಹಂದಿಯ ಸ್ವಂತ ಮೂಳೆಯೊಂದಿಗೆ ಬೆರೆತಿತ್ತು.

ಇಷ್ಟೆಲ್ಲ ಆಗಿದ್ದರೂ ಇದು ಇನ್ನೂ ದಿನನಿತ್ಯದ ಚಿಕಿತ್ಸೆ ಆಗಿಲ್ಲ. ಅದಕ್ಕೆ ಕಾರಣ ಈ ವಿವರಗಳಲ್ಲೇ ಇದೆ. ಗೀಸನ್‌ನಲ್ಲಿ ಕೊಬ್ಬಿನ ಕೋಶಗಳ ಜೊತೆ ಹುಡುಗಿಯ ಸ್ವಂತ ಮೂಳೆಚೂರುಗಳೂ ಇದ್ದವು. ಫಿನ್ಲೆಂಡಿನಲ್ಲಿ ಬಿ.ಎಂ.ಪಿ.-2 ಇತ್ತು. ಬಾಸೆಲ್‌ನಲ್ಲಿ ಮುರಿದ ಮೂಳೆ ತಾನಾಗಿಯೇ ಕೂಡಿಕೊಳ್ಳುವ ಶಕ್ತಿ ಉಳ್ಳದ್ದಾಗಿತ್ತು. ಬೆಳೆದ ಮೂಳೆಯಲ್ಲಿ ಆಕರಕೋಶಗಳ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಇನ್ನೊಂದು ಕಾರಣ ಕಾಲ. ಫಿನ್ಲೆಂಡಿನಲ್ಲಿ ತಲೆಬುರುಡೆಯ ದೋಷಕ್ಕೆ ಕೊಬ್ಬಿನ ಆಕರಕೋಶಗಳ ಚಿಕಿತ್ಸೆ ಪಡೆದವರು ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದರು. ಆರು ವರ್ಷಗಳ ಬಳಿಕ ನೋಡಿದಾಗ ಫಲಿತಾಂಶ ಅಷ್ಟು ತೃಪ್ತಿಕರವಾಗಿರಲಿಲ್ಲ, ಕೂರಿಸಿದ್ದು ಕರಗಿದ ಉದಾಹರಣೆಯೂ ಇತ್ತು. ಹಾಗಾಗಿ ಮೂರು ತಿಂಗಳ ಸ್ಕ್ಯಾನ್ ಮುಂದಿಟ್ಟು ಯಾರಾದರೂ ಗೆಲುವು ಸಾರಿದರೆ, ಐದಾರು ವರ್ಷದ ಮೇಲಿನ ಸ್ಕ್ಯಾನ್ ಎಲ್ಲಿ ಎಂದು ಕೇಳುವುದು ನ್ಯಾಯ.

ಮೂಳೆಯ ಕಥೆ ಇದಾದರೆ ಮೃದ್ವಸ್ಥಿಯ ಕಥೆಯೇ ಬೇರೆ. ಎರಡೂ ಕೀಲಿನಲ್ಲಿ ಪಕ್ಕಪಕ್ಕದಲ್ಲೇ ಇವೆ, ಆದರೆ ಅವುಗಳ ಬದುಕು ಒಂದೇ ತರಹದ್ದಲ್ಲ. ಮೂಳೆಯ ತುಂಬ ರಕ್ತನಾಳಗಳಿವೆ. ಅದು ಜೀವನವಿಡೀ ತನ್ನನ್ನು ಒಡೆದು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಮುರಿದರೆ ರಕ್ತ ಹೆಪ್ಪುಗಟ್ಟಿ, ಅದರ ಮೇಲೆ ದುರಸ್ತಿ ಶುರುವಾಗುತ್ತದೆ. ಮಂಡಿಯ ಮೃದ್ವಸ್ಥಿ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್ ದಪ್ಪದ ನುಣುಪಾದ ಪದರ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಬಹುಪಾಲು ನೀರು, ಅದನ್ನು ಹಿಡಿದಿಡುವ ಪ್ರೋಟೀನುಗಳು, ಕೊಲಾಜನ್ ಎಳೆಗಳು, ಅಲ್ಲಲ್ಲಿ ಒಂಟಿಯಾಗಿ ಕೂತ ಕೆಲವೇ ಕೋಶಗಳು. ಪೆಟ್ಟಾದರೆ ದುರಸ್ತಿಗೆ ಬರುವವರು ಯಾರೂ ಇಲ್ಲ. ಕೆಟ್ಟ ಮೃದ್ವಸ್ಥಿ ಮತ್ತೆ ಮೊದಲಿನಂತಾಗುವುದಿಲ್ಲ ಎಂದು ವಿಲಿಯಂ ಹಂಟರ್ ಲಂಡನ್ನಿನಲ್ಲಿ 1743ರಲ್ಲೇ ದಾಖಲಿಸಿದ್ದರು.

ಕೊಬ್ಬಿನ ಕೋಶಗಳು ಈ ಕೆಲಸಕ್ಕೆ ಅಷ್ಟು ಸುಲಭವಾಗಿ ಒಗ್ಗುವುದೂ ಇಲ್ಲ. ಅಸ್ಥಿಮಜ್ಜೆಯ ಕೋಶಗಳಿಗೆ ಟಿ.ಜಿ.ಎಫ್.-ಬೀಟಾ ಎಂಬ ಪ್ರೋಟೀನ್ ಕೊಟ್ಟರೆ ಅವು ಮೃದ್ವಸ್ಥಿಯ ಗುಣ ತಳೆಯುತ್ತವೆ. ಕೊಬ್ಬಿನ ಕೋಶಗಳು ಅದೊಂದಕ್ಕೇ ಸರಿಯಾಗಿ ಸ್ಪಂದಿಸುವುದಿಲ್ಲ, ಅದರ ಜೊತೆ ಬಿ.ಎಂ.ಪಿ.-6ರಂಥ ಇನ್ನೊಂದು ಪ್ರೋಟೀನ್ ಬೇಕಾಗುತ್ತದೆ. ಹೀಗೆ ಬೆಳೆಸಿದ ಕೋಶಗಳೂ ಹಲವು ಸಲ ಅಲ್ಲಿಗೇ ನಿಲ್ಲದೆ ಉಬ್ಬಿ, ಮೂಳೆಯಾಗುವ ದಾರಿ ಹಿಡಿಯುತ್ತವೆ. ಇಲ್ಲವೇ ಗಾಯದ ಕಲೆಯಂಥ ನಾರುನಾರಾದ ಮೃದ್ವಸ್ಥಿಯನ್ನು ಕಟ್ಟುತ್ತವೆ. ಮಂಡಿಯ ನುಣುಪು ಪದರದಂತೆ ವರ್ಷಗಟ್ಟಲೆ ಭಾರ ತಡೆಯುವ ಶಕ್ತಿ ಅದಕ್ಕಿಲ್ಲ. ಪ್ರಯೋಗಾಲಯದಲ್ಲಿ ಎಲ್ಲವನ್ನೂ ಹದವಾಗಿ ಒದಗಿಸಿದರೂ ಇಷ್ಟು ತೊಡಕು. ಉರಿಯೂತವಿರುವ, ನಡೆದಾಗಲೆಲ್ಲ ಅಮುಕುವ ಮಂಡಿಯೊಳಗೆ ಬರಿಯ ದ್ರವವಾಗಿ ಚುಚ್ಚಿದರೆ ಸ್ಥಿತಿ ಹೇಗಿರುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಹಾಗಿದ್ದರೆ ಚುಚ್ಚಿದ ಕೋಶಗಳಿಗೆ ಏನಾಗುತ್ತದೆ? ಕೋಶಗಳಿಗೆ ಗುರುತು ಹಾಕಿ ಪ್ರಾಣಿಗಳಲ್ಲಿ ಹಿಂಬಾಲಿಸಿದಾಗ, ಹೆಚ್ಚಿನವು ಕೆಲವು ವಾರಗಳಲ್ಲಿ ಕಾಣೆಯಾಗುತ್ತವೆ. ಇರುವಷ್ಟು ದಿನ ಅವು ಉರಿಯೂತ ತಗ್ಗಿಸುವ, ಸುತ್ತಲಿನ ಕೋಶಗಳನ್ನು ಪ್ರಚೋದಿಸುವ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅಂದರೆ ಅವು ಇಟ್ಟಿಗೆಗಳಾಗಿ ಗೋಡೆ ಸೇರುವುದಿಲ್ಲ, ಮೇಸ್ತ್ರಿಯಂತೆ ಇದ್ದವರಿಗೆ ಕೆಲಸ ಹೇಳಿ ಹೊರಟುಹೋಗುತ್ತವೆ. 1991ರಲ್ಲಿ ಇವುಗಳಿಗೆ "ಮೀಸೆಂಕೈಮಲ್ ಸ್ಟೆಮ್ ಸೆಲ್" ಎಂಬ ಹೆಸರನ್ನು ಚಾಲ್ತಿಗೆ ತಂದ ಆರ್ನಲ್ಡ್ ಕ್ಯಾಪ್ಲನ್ ಅವರೇ ಮುಂದೆ ಆ ಹೆಸರು ಬದಲಿಸಬೇಕೆಂದು ವಾದಿಸಿದರು. ಈ ಕೋಶಗಳು ಹೊಸ ಅಂಗಾಂಶವಾಗುತ್ತವೆ ಎಂದು ಹೇಳಿಕೊಂಡು ಚಿಕಿತ್ಸೆ ಮಾರಲು ಆ ಹೆಸರು ನೆಪವಾಗುತ್ತಿದೆ ಎಂಬುದು ಅವರ ಕಳವಳವಾಗಿತ್ತು.

ಮನುಷ್ಯರ ಮೇಲಿನ ಪರೀಕ್ಷೆಗಳೂ ಇದನ್ನೇ ಸೂಚಿಸುತ್ತವೆ. 2014ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 18 ಮಂದಿಗೆ ಬೆಳೆಸಿದ ಕೊಬ್ಬಿನ ಆಕರಕೋಶಗಳನ್ನು ಚುಚ್ಚಿದಾಗ, 10 ಕೋಟಿ ಕೋಶ ಪಡೆದವರಲ್ಲಿ ನೋವು ತಗ್ಗಿತು, ಮೃದ್ವಸ್ಥಿಯ ದೋಷವೂ ಕಿರಿದಾದಂತೆ ಕಂಡಿತು. ಇದು ದೊಡ್ಡ ಭರವಸೆ ಹುಟ್ಟಿಸಿದ ವರದಿ, ಆದರೆ ಹೋಲಿಸಿ ನೋಡಲು ಬರೀ ಉಪ್ಪುನೀರು ಪಡೆದ ಗುಂಪು ಇರಲಿಲ್ಲ. ಮುಂದೆ ಕೊರಿಯಾದಲ್ಲೇ 261 ಜನರ ಮೇಲೆ, ಯಾರಿಗೆ ಕೋಶ, ಯಾರಿಗೆ ಉಪ್ಪುನೀರು ಎಂಬುದನ್ನು ಮುಚ್ಚಿಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಆರು ತಿಂಗಳಲ್ಲಿ ಕೋಶ ಪಡೆದವರ ನೋವು ಮತ್ತು ಓಡಾಟ ಹೆಚ್ಚು ಸುಧಾರಿಸಿತ್ತು. ಎಂ.ಆರ್.ಐ.ಯಲ್ಲಿ ಮೃದ್ವಸ್ಥಿಯ ದೋಷದ ವಿಷಯದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ 470ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಅಸ್ಥಿಮಜ್ಜೆಯ ಸಾರ, ಅದೇ ದಿನ ತೆಗೆದ ಕೊಬ್ಬಿನ ಕೋಶಗಳು, ಹೊಕ್ಕುಳಬಳ್ಳಿಯ ಕೋಶಗಳು, ಈ ಮೂರನ್ನೂ ಮಾಮೂಲಿ ಸ್ಟೀರಾಯ್ಡ್ ಚುಚ್ಚುಮದ್ದಿನೊಂದಿಗೆ ಹೋಲಿಸಿದ್ದರು. ಒಂದು ವರ್ಷದ ಬಳಿಕ ನೋವಿನ ವಿಷಯದಲ್ಲಿ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲು ಎನಿಸಲಿಲ್ಲ.

ನೋವು ಕಡಿಮೆಯಾದರೆ ಸಾಲದೇ ಎಂದು ನೀವು ಕೇಳಬಹುದು. ನಿಮ್ಮ ತಾಯಿಗೆ ಬೇಕಿರುವುದೂ ಅದೇ. ನೋವು ತಗ್ಗುವುದು ಸಣ್ಣ ಸಂಗತಿಯಲ್ಲ. ಆದರೆ ಮಂಡಿಗೆ ಉಪ್ಪುನೀರು ಚುಚ್ಚಿಸಿಕೊಂಡವರಲ್ಲೂ ಅನೇಕರಿಗೆ ತಿಂಗಳುಗಟ್ಟಲೆ ಹಿತವೆನಿಸುತ್ತದೆ, ಮತ್ತು ಮಂಡಿನೋವು ತಾನಾಗಿಯೇ ಏರಿಳಿಯುವ ಸ್ವಭಾವದ್ದು. ಅದಕ್ಕೇ "ನಮ್ಮ ರೋಗಿಗಳಿಗೆ ವಾಸಿಯಾಯಿತು" ಎಂಬ ವಿಡಿಯೊಗಳು ಪುರಾವೆ ಆಗುವುದಿಲ್ಲ. ನೋವು ತಗ್ಗಿಸುವ ಚುಚ್ಚುಮದ್ದನ್ನು ನೋವು ತಗ್ಗಿಸುವ ಚುಚ್ಚುಮದ್ದು ಎಂದೇ ಹೇಳಿ, ಅದರ ಬೆಲೆಗೇ ಕೊಡಬೇಕು. ಮೃದ್ವಸ್ಥಿ ಬೆಳೆಸುತ್ತೇವೆ ಎಂದು ಹೇಳಿ ಮುಪ್ಪಿನ ಉಳಿತಾಯವನ್ನು ಖಾಲಿ ಮಾಡಿಸುವುದು ಅನ್ಯಾಯ.

ಮೃದ್ವಸ್ಥಿ ಬೆಳೆಸುವ ಕನಸು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದರ ದಾರಿ ಬೇರೆ. ಅಮೆರಿಕದ ಫರ್ಶಿದ್ ಗಿಲಾಕ್ ಅವರ ತಂಡ 2016ರಲ್ಲಿ ಸೊಂಟದ ಕೀಲಿನ ಆಕಾರಕ್ಕೆ ಹೆಣೆದ ನೂಲಿನ ಹಂದರದ ಮೇಲೆ ಮನುಷ್ಯರ ಕೊಬ್ಬಿನ ಆಕರಕೋಶಗಳನ್ನು ಬಿತ್ತಿ ಮೃದ್ವಸ್ಥಿಯನ್ನು ಬೆಳೆಸಿತು. ಬೇಕೆಂದಾಗ ಉರಿಯೂತ ತಡೆಯುವ ಔಷಧಿಯನ್ನೂ ತಾವೇ ತಯಾರಿಸುವಂತೆ ಆ ಕೋಶಗಳ ವಂಶವಾಹಿಯನ್ನು ಮಾರ್ಪಡಿಸಿದ್ದರು. ಕೊಲಂಬಿಯಾದ ತಂಡವೂ ಮುಂದೆ ಮೂಳೆಯ ಮೇಲೆ ಮೃದ್ವಸ್ಥಿ ಹೊದಿಸಿದ ದವಡೆ ಕೀಲನ್ನು ಹಂದಿಗಳಲ್ಲಿ ಪರೀಕ್ಷಿಸಿತು. ಎರಡರಲ್ಲೂ ಕೋಶ, ಅದು ನಿಲ್ಲಲು ಹಂದರ, ಬೆಳೆಯಲು ಬೇಕಾದ ಸೂಚನೆ ಮತ್ತು ಸಮಯ ಎಲ್ಲವನ್ನೂ ಒಟ್ಟಿಗೆ ಒದಗಿಸಲಾಗಿದೆ. ಕೊಬ್ಬಿನ ಕೋಶಗಳಿಂದ ಒಂದು ದಿನ ನಿಜವಾದ ಕೀಲು ಬೆಳೆದರೆ ಅದು ಇಂಥ ತಾಳ್ಮೆಯ ಕೆಲಸದಿಂದಲೇ ಬರುತ್ತದೆ ಎಂಬ ನಂಬಿಕೆ ನನ್ನದು. ಈಗಲೂ ಕ್ರೀಡೆಯಲ್ಲೋ ಅಪಘಾತದಲ್ಲೋ ಮೃದ್ವಸ್ಥಿಯ ಒಂದು ತುಣುಕು ಕಿತ್ತುಹೋದ ಕಿರಿಯರಿಗೆ, ಅವರದೇ ಮೃದ್ವಸ್ಥಿಯ ಕೋಶಗಳನ್ನು ಬೆಳೆಸಿ ಆ ಗುಳಿಗೆ ತುಂಬುವ ಚಿಕಿತ್ಸೆ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು 1994ರಲ್ಲಿ ಅದನ್ನು ವರದಿ ಮಾಡಿದರು. ವಯಸ್ಸಾದವರಲ್ಲಿ ಇಡೀ ಕೀಲೇ ಸವೆದು, ಕೆಳಗಿನ ಮೂಳೆ, ಸುತ್ತಲಿನ ಪೊರೆ ಎಲ್ಲವೂ ಬದಲಾಗಿರುವ ಅಸ್ಥಿಸಂಧಿವಾತಕ್ಕೆ ಅದು ಹೊಂದುವುದಿಲ್ಲ.

ನಮ್ಮ ದೇಶದ ನಿಯಮ ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಆಕರಕೋಶ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ ಉಳಿದ ಬಳಕೆಯೆಲ್ಲ ಸಂಶೋಧನೆ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೆ ಮಾತ್ರ ಅದನ್ನು ಮಾಡಬೇಕು. 2019ರ ಹೊಸ ಔಷಧ ನಿಯಮಗಳಡಿ ಆಕರಕೋಶದಿಂದ ತಯಾರಾದ ಉತ್ಪನ್ನ ಹೊಸ ಔಷಧವೇ, ಮಾರಾಟಕ್ಕೆ ಮೊದಲು ಅದಕ್ಕೆ ಅನುಮೋದನೆ ಬೇಕು. ಆ ದಾರಿಯಲ್ಲಿ ನಡೆದ ಉದಾಹರಣೆಯೂ ನಮ್ಮಲ್ಲೇ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನಕ್ಕೆ ಮಂಡಿಯ ಅಸ್ಥಿಸಂಧಿವಾತಕ್ಕಾಗಿ 2022ರಲ್ಲಿ ಔಷಧ ನಿಯಂತ್ರಕರ ಅನುಮೋದನೆ ಸಿಕ್ಕಿತು. ಆದರೆ ಅದು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳದ್ದು. ಹೊಟ್ಟೆಯ ಕೊಬ್ಬು ತೆಗೆದು ಅದೇ ದಿನ ಚುಚ್ಚುವವರು ಆ ಅನುಮೋದನೆಯನ್ನು ತೋರಿಸಿದರೆ ಒಪ್ಪಬೇಡಿ.

"ನಿಮ್ಮದೇ ಕೋಶ, ಅಪಾಯವೇ ಇಲ್ಲ" ಎಂಬ ಮಾತನ್ನೂ ನಂಬಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ ತಮ್ಮದೇ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರ ದೃಷ್ಟಿ ತೀವ್ರವಾಗಿ ಹಾಳಾದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಮಂಡಿಯಲ್ಲಿ ಅಷ್ಟು ದೊಡ್ಡ ಅಪಾಯ ಅಪರೂಪ. ಆದರೂ ಶುಚಿತ್ವ ತಪ್ಪಿದರೆ ಕೀಲಿನೊಳಗೆ ಸೋಂಕು ತಗಲಬಹುದು, ಕೊಬ್ಬು ತೆಗೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಇನ್ನಷ್ಟು ಯೋಚಿಸಬೇಕು.

ಈಗ ನಿಮ್ಮ ತಾಯಿಗೆ ಏನು ಮಾಡಬಹುದು? ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತು ದಿನವೂ ಮಾಡಲಿ. ಮಂಡಿನೋವಿಗೆ ಅತಿ ಗಟ್ಟಿ ಪುರಾವೆ ಇರುವ ಚಿಕಿತ್ಸೆಗಳಲ್ಲಿ ಇದೂ ಒಂದು. ತೂಕ ಹೆಚ್ಚಿದ್ದರೆ ಇಳಿಸಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಊಟ, ಪೂಜೆ, ಅಡುಗೆಯ ತಯಾರಿಗೆ ನೆಲ ಬಿಟ್ಟು ಎತ್ತರದ ಆಸನ, ಪಾಶ್ಚಾತ್ಯ ಶೌಚಾಲಯ, ಮೆಟ್ಟಿಲಿಗೆ ಹಿಡಿಕೆ, ನೋವು ಹೆಚ್ಚಿರುವ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಊರುಗೋಲು, ಇವೆಲ್ಲ ಸಣ್ಣವೆನಿಸಿದರೂ ದಿನವನ್ನು ಹಗುರಾಗಿಸುತ್ತವೆ. ನೋವಿನ ಮುಲಾಮು, ಮಾತ್ರೆ, ಅಗತ್ಯಬಿದ್ದರೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ವೈದ್ಯರು ನಿರ್ಧರಿಸುತ್ತಾರೆ. ಇಷ್ಟರಲ್ಲೂ ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ, ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಹೆದರಬೇಕಿಲ್ಲ. ದಶಕಗಳ ಅನುಭವ ಅದರ ಹಿಂದಿದೆ. ಸುಳ್ಳು ಭರವಸೆಯಿಂದ ಅದನ್ನು ಮುಂದೂಡಿದರೆ, ಅಷ್ಟರಲ್ಲಿ ಸ್ನಾಯುಗಳೂ ಕ್ಷೀಣಿಸಿ ಚೇತರಿಕೆ ಕಷ್ಟವಾಗುತ್ತದೆ.

ಆ ಜಾಹೀರಾತಿನವರ ಬಳಿ ಹೋಗಲೇಬೇಕು ಎನಿಸಿದರೆ ನಾಲ್ಕು ಪ್ರಶ್ನೆ ಕೇಳಿ. ನೀವು ಕೊಡುವುದು ಯಾವ ಕೋಶ, ಬೆಳೆಸಿದ್ದೋ ಅದೇ ದಿನದ್ದೋ? ಇದು ಔಷಧ ನಿಯಂತ್ರಕರ ಅನುಮೋದನೆ ಪಡೆದ ಉತ್ಪನ್ನವೇ? ಇಲ್ಲದಿದ್ದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದರ ಸಂಖ್ಯೆ ಯಾವುದು? ಇದು ಸಂಶೋಧನೆಯಾದರೆ ನಾವು ಹಣ ಏಕೆ ಕೊಡಬೇಕು? ನಿಜವಾದ ಟ್ರಯಲ್‌ನಲ್ಲಿ ಪರೀಕ್ಷೆಗೊಳಗಾಗುವ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ, ವಿವರಿಸಿ ಲಿಖಿತ ಒಪ್ಪಿಗೆ ಪಡೆಯುತ್ತಾರೆ, ಅದರಿಂದ ಹಾನಿಯಾದರೆ ಪರಿಹಾರವನ್ನೂ ಕೊಡಬೇಕಾಗುತ್ತದೆ. ಇಂಥ ನೋಂದಾಯಿತ ಟ್ರಯಲ್‌ಗೆ ನಿಮ್ಮ ತಾಯಿ ಅರ್ಹರಾಗಿ, ತಿಳಿದು ಒಪ್ಪಿ ಸೇರಿದರೆ ಅದು ಅವರಿಗೂ ಮುಂದಿನವರಿಗೂ ಉಪಕಾರವೇ. ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೊಡದವರ ಬಳಿ ಮಾತ್ರ ಅವರನ್ನು ಕರೆದುಕೊಂಡು ಹೋಗಬೇಡಿ.